ವಜಾ ಅಂದರೆ ನೋವು

ವೇದಿಕೆಯ ಮೇಲೆ ನಗುತ್ತ ಕೂತಿರುವ ಸಂಘದ ಅಧ್ಯಕ್ಷರಾದ ಎಡ್ಮಂಡ್ ಅವರೇ, ಮದೀನತ್ ಸುಲ್ತಾನ್ ಖಾಬೂಸ್ ಬಡಾವಣೆಯಿಂದ ಮುಖ್ಯ ಅತಿಥಿಯಾಗಿ ಬಂದಿರುವ ಡಾಲಿ ಟೀಚರ್ ಅವರೇ, ಶುಕ್ರವಾರದ ಮಧ್ಯಾಹ್ನದ ನಿದ್ದೆಯನ್ನು ನನಗಾಗಿ ತ್ಯಾಗ ಮಾಡಿದ ಸಭಿಕರೇ,

ಗ್ರೆಟ್ಟಾ ಸಿಸ್ಟರ್ ನಿವೃತ್ತಿಯಾಗಿ ಊರಿಗೆ ಹೊರಟಿದ್ದಾರೆ ಎಂದು ನೀವೆಲ್ಲ ಸೇರಿ ನನಗೆ ಶಾಲು ಹೊದೆಸಿದ್ದೀರಿ. ಮಸ್ಕತ್ತಿನ ಮೇ ತಿಂಗಳಲ್ಲಿ ಶಾಲು! ನರ್ಸ್ ಆಗಿ ಹೇಳುತ್ತೇನೆ, ಇದು ಆರೋಗ್ಯಕ್ಕೆ ಒಳ್ಳೆಯದಲ್ಲ. ಆದರೂ ತೆಗೆಯುವುದಿಲ್ಲ.

ನಮ್ಮ ಕಾರ್ಯದರ್ಶಿ ಸ್ಟ್ಯಾನ್ಲಿ ನನಗೊಂದು ವಿಷಯವನ್ನೂ ಕೊಟ್ಟಿದ್ದಾರೆ. ಈ ದೇಶದ ಸರ್ಕಾರಿ ಆಸ್ಪತ್ರೆ ಏನನ್ನು ಕೊಡುತ್ತದೆ, ಏನನ್ನು ಕೊಡುವುದಿಲ್ಲ? ಕೊಡುವುದನ್ನು ಹೇಳುವುದು ಸುಲಭ. ಗುಡ್ಡದಾಚೆಯಿಂದ ಪಿಕಪ್ಪಿನಲ್ಲಿ ಬಂದ ಅಜ್ಜಿಗೂ ದೊಡ್ಡ ಅಧಿಕಾರಿಗೂ ಒಂದೇ ಬಣ್ಣದ ಕಂಬಳಿ, ಒಂದೇ ಔಷಧಿ. ಹೆರಿಗೆ, ಆಪರೇಷನ್, ಮಗುವಿನ ಚುಚ್ಚುಮದ್ದು, ಎಲ್ಲ ಉಂಟು. ಸರ್ಕಾರಿ ಕೆಲಸದಲ್ಲಿದ್ದ ನಮ್ಮಂಥವರಿಗೂ ಇತ್ತು. ಕಂಪನಿಯವರನ್ನು ಕಂಪನಿ ನೋಡಿಕೊಳ್ಳಬೇಕು ಎಂಬ ಮಾತಿತ್ತು. ಆದರೆ ಜೀವ ಹೋಗುವ ಹೊತ್ತಿನಲ್ಲಿ ಬಂದ ಯಾರನ್ನೂ ನಾವು ಬಾಗಿಲಿನಿಂದ ಹಿಂದೆ ಕಳಿಸಿದ್ದು ನನಗೆ ನೆನಪಿಲ್ಲ. ಕೊಡದೇ ಇರುವುದು ಯಾವುದು? ಅದನ್ನು ಹೇಳಲು ಹೊನ್ನಪ್ಪನವರ ಕಥೆ ಹೇಳಬೇಕು.

ಎಂಬತ್ತೈದನೇ ಇಸವಿ. ಅಲ್ ಖೌದ್ ಕಡೆ ಹೊಸ ಕಟ್ಟಡಗಳು ಏಳುತ್ತಿದ್ದ ಕಾಲ. ಹೊನ್ನಪ್ಪನವರು ಅಲ್ಲಿ ಕಾಂಕ್ರೀಟಿಗೆ ಹಲಗೆ ಕಟ್ಟುವ ಸೆಂಟ್ರಿಂಗ್ ಕೆಲಸ ಮಾಡುತ್ತಿದ್ದರು, ಸುಳ್ಯದವರು. ಜ್ವರ, ವಾಂತಿ ಎಂದು ಕಾರ್ಮಿಕರ ಕ್ಯಾಂಪಿನವರು ನಮ್ಮ ಆಸ್ಪತ್ರೆಗೆ ತಂದು ಮಲಗಿಸಿ ಹೋಗಿದ್ದರು. ಆ ವಾರ್ಡು ನನಗೆ ಈಗಲೂ ಎಚ್ಚರದಲ್ಲಿ ನೋಡಿದ ಹಾಗಲ್ಲ, ಕನಸಿನಲ್ಲಿ ನೋಡಿದ ಹಾಗೆ ಉಳಿದಿದೆ. ಬಿಳಿ ಪರದೆಗಳು ಫ್ಯಾನಿನ ಗಾಳಿಗೆ ಉಬ್ಬುತ್ತಿದ್ದವು. ಒಮಾನಿ ರೋಗಿಗಳ ಮಂಚದ ಸುತ್ತ ಅಕ್ಕ, ಅತ್ತೆ, ಮೊಮ್ಮಕ್ಕಳು, ಖರ್ಜೂರ, ಕಾಫಿಯ ಫ್ಲಾಸ್ಕು. ಅವರ ಬಟ್ಟೆಗಳಿಂದ ಲೋಬಾನದ ವಾಸನೆ ಬರುತ್ತಿತ್ತು. ಹೊನ್ನಪ್ಪನವರ ಮಂಚದ ಪಕ್ಕದ ಕುರ್ಚಿ ಖಾಲಿ.

ನಮ್ಮ ಡಾಕ್ಟರು ಸುಡಾನಿನವರು, ದೇವರಂಥ ಮನುಷ್ಯ. ಬೆಳಿಗ್ಗೆ ರೌಂಡ್ಸಿಗೆ ಬಂದು ಪ್ರೀತಿಯಿಂದ ಕೇಳಿದರಂತೆ, "ಫೀ ವಜಾ?"

ನಿಮಗೆ ನಗು ಬಂತು. ಫೀಸು ವಜಾ ಎಂದು ಕೇಳಿಸಿತೇ? ಅದೂ ಸುಳ್ಳಲ್ಲ, ಅಲ್ಲಿ ಫೀಸು ಯಾರೂ ಕೇಳಿರಲಿಲ್ಲ. ಆದರೆ ಅರಬಿಯಲ್ಲಿ ವಜಾ ಅಂದರೆ ನೋವು. ನೋವು ಇದೆಯೇ ಎಂದು ಅವರು ಕೇಳಿದ್ದು. ಹೊನ್ನಪ್ಪನವರಿಗೆ ಗೊತ್ತಿದ್ದ ವಜಾ ಒಂದೇ. ಅವರ ಅಣ್ಣನನ್ನು ಮಂಗಳೂರಿನ ಹೆಂಚಿನ ಕಾರ್ಖಾನೆಯಿಂದ ತೆಗೆದುಹಾಕಿದಾಗ ಕೇಳಿದ ಪದ ಅದು. ಅವರು ಎದ್ದು ಕೂತು ಕೈಮುಗಿದರು. "ನೋ ವಜಾ ಸಾರ್, ನೋ ವಜಾ!" ಡಾಕ್ಟರು ಹೊಟ್ಟೆ ಒತ್ತಿ ಕೇಳಿದರು. ಹೊನ್ನಪ್ಪನವರು ಹಲ್ಲು ಕಚ್ಚಿಕೊಂಡು ನಕ್ಕರು. ನೋವೇ ಇಲ್ಲವಲ್ಲ, ಬರೀ ಜ್ವರ, ನಾಳೆ ಮನೆಗೆ ಹೋಗಲಿ ಎಂದು ಡಾಕ್ಟರು ಮುಂದೆ ನಡೆದರು.

ಆ ಮಧ್ಯಾಹ್ನ ನನ್ನನ್ನು ಹೆರಿಗೆ ವಾರ್ಡಿನಿಂದ ಅಲ್ಲಿಗೆ ಹಾಕಿದ್ದರು. ಬಿಸಿಲಿಗೆ ಇಡೀ ವಾರ್ಡು ತೂಕಡಿಸುತ್ತಿತ್ತು. ಆಗ ಕನ್ನಡ ಕೇಳಿಸಿತು. "ವಜಾ ಬೇಡ ದೇವರೇ, ವಜಾ ಒಂದು ಬೇಡ." ಹತ್ತಿರ ಹೋಗಿ ಕೇಳಿದೆ. ಬೆಳಿಗ್ಗೆ ನಡೆದದ್ದನ್ನು ಅವರು ಹೇಳಿದರು. ನನಗೆ ನಗು ಬಂತು, ಆಮೇಲೆ ಅವರ ಕಡೆ ಬಗ್ಗಿ ಹೇಳಿದೆ.

"ಮಾರಾಯರೇ, ಅದು ಕೆಲಸದ ಸುದ್ದಿ ಅಲ್ಲ. ನೋವು ಉಂಟಾ ಅಂತ ಕೇಳಿದ್ದು."

ಅವರು ನನ್ನ ಮುಖವನ್ನೇ ನೋಡಿದರು. "ಉಂಟು ಸಿಸ್ಟರ್. ತುಂಬಾ ಉಂಟು" ಎಂದು ಮಗುವಿನ ಹಾಗೆ ಅತ್ತರು. ನಾನು ಓಡಿದೆ. ಅಪೆಂಡಿಕ್ಸ್ ಒಡೆಯುವ ಹಂತದಲ್ಲಿತ್ತು. ಸಂಜೆಯೊಳಗೆ ಆಪರೇಷನ್ ಆಯಿತು, ಜೀವ ಉಳಿಯಿತು.

ಮರುದಿನವೇ ನನ್ನನ್ನು ಹೆರಿಗೆ ವಾರ್ಡಿಗೆ ವಾಪಸು ಕಳಿಸಿದರು. ಆದರೂ ಕ್ಯಾಂಟೀನಿಗೆ ಆ ಕಡೆಯಿಂದಲೇ ದಾರಿ ಹತ್ತಿರ ಎಂದು ನನಗೆ ಅನ್ನಿಸುತ್ತಿತ್ತು. ಎಡ್ಮಂಡ್ ಅವರೇ, ನಗಬೇಡಿ, ಆಸ್ಪತ್ರೆಯ ದಾರಿಗಳು ನಿಮಗೆ ಗೊತ್ತಿಲ್ಲ. ಡಾಕ್ಟರು ಒಪ್ಪಿದ ಮೇಲೆ ಗಂಜಿ ಒಯ್ದೆ. ಖಾಲಿ ಕುರ್ಚಿಯಲ್ಲಿ ಕೂತೆ. ಅವರು ತಮ್ಮ ಊರಿನ ಪಯಸ್ವಿನಿ ಹೊಳೆಯ ಮಾತು ಹೇಳುತ್ತಿದ್ದರು, ನೀರು ಯಾವ ಕಲ್ಲಿನ ಹತ್ತಿರ ಹೇಗೆ ತಿರುಗುತ್ತದೆ ಎಂದು. ಕಿಟಕಿಯ ಹೊರಗೆ ಬೋಳು ಗುಡ್ಡ. ನನಗೆ ಮಾತ್ರ ನೀರಿನ ಸದ್ದು ಕೇಳಿಸುತ್ತಿತ್ತು. ಅಷ್ಟು ಸಂತೋಷ ನನಗೆ ಆಮೇಲೆ ಆಗಿಲ್ಲ... ಅಂದರೆ, ರೋಗಿ ಗುಣವಾದ ಸಂತೋಷ.

ಒಂದು ದಿನ ಕ್ಯಾಂಪಿನ ಮೇಲ್ವಿಚಾರಕ ಬಂದ. ಹೊಲಿಗೆ ಹಾಕಿದ ಹೊಟ್ಟೆಯವನು ಹಲಗೆ ಎತ್ತಲಾರ ಎಂದು ಅವರನ್ನು ಕೆಲಸಕ್ಕೆ ಕರೆಸಿಕೊಂಡ ಧಣಿ, ಆ ಕಫೀಲ್, ಹೇಳಿದ್ದಾನಂತೆ. "ಖಲಾಸ್. ಊರಿಗೆ ಟಿಕೆಟ್ ಆಗಿದೆ" ಎಂದ. ಅವನು ಹೋದ ಮೇಲೆ ಹೊನ್ನಪ್ಪನವರು ನನ್ನ ಕಡೆ ತಿರುಗಿದರು. "ನೋಡಿ ಸಿಸ್ಟರ್, ನನಗೆ ಸರಿಯಾಗಿಯೇ ಕೇಳಿಸಿದ್ದು."

ನಮ್ಮ ಆಸ್ಪತ್ರೆ ಅವರ ಹೊಟ್ಟೆಯನ್ನು ಗುಣ ಮಾಡಿತ್ತು. ಕೆಲಸವನ್ನು ಉಳಿಸಿಕೊಡುವ ಔಷಧಿ ನಮ್ಮ ಕಪಾಟಿನಲ್ಲಿ ಇರಲಿಲ್ಲ.

ಹೊರಡುವ ದಿನ ಗೇಟಿನ ತನಕ ಹೋದೆ. ವ್ಯಾನು ಕಾಯುತ್ತಿತ್ತು. ಅವರು ನಿಂತು ಕೇಳಿದರು, "ಸಿಸ್ಟರ್, ನಿಮಗೆ ನೋವು ಉಂಟಾ?" ಈ ದೇಶಕ್ಕೆ ಬಂದ ಮೇಲೆ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ, ಕೇಳುವುದು ನನ್ನ ಕೆಲಸವಾಗಿತ್ತು. ನಾನು ಯೂನಿಫಾರ್ಮ್ ಸರಿಮಾಡಿಕೊಂಡು, "ಇಲ್ಲಪ್ಪ, ನನಗೆಂಥ ನೋವು?" ಎಂದೆ. ಅವರು ತಲೆಯಾಡಿಸಿ ವ್ಯಾನು ಹತ್ತಿದರು. ಬಿಸಿಲಿನಲ್ಲಿ ರಸ್ತೆ ನೀರಿನ ಹಾಗೆ ಹೊಳೆಯುತ್ತಿತ್ತು. ವ್ಯಾನು ಅದರೊಳಗೆ ಹೋಯಿತು.

ಸಭಿಕರೇ, ಸಂಘಕ್ಕೆ ನನ್ನದೊಂದೇ ಬೇಡಿಕೆ. ಶುಕ್ರವಾರ ಯಾರಾದರೂ ವಾರ್ಡಿಗೆ ಹೋಗಿ. ಯಾರೂ ಇಲ್ಲದವರ ಪಕ್ಕ ಕೂರಿ. ಕನ್ನಡವೋ ತುಳುವೋ ಕೊಂಕಣಿಯೋ ಬ್ಯಾರಿಯೋ, ಅವರ ಮಾತಿನಲ್ಲೇ ನೋವು ಉಂಟಾ ಎಂದು ಕೇಳಿ. ಇಲ್ಲ ಎಂದರೆ ನಂಬಬೇಡಿ, ಇನ್ನೊಮ್ಮೆ ಕೇಳಿ.

ಹೊನ್ನಪ್ಪನವರು ನನ್ನನ್ನು ಇನ್ನೊಮ್ಮೆ ಕೇಳಲಿಲ್ಲ.

ಇಷ್ಟು ಹೊತ್ತು ಕೇಳಿದ್ದಕ್ಕೆ ನಿಮಗೆಲ್ಲ ಉಪಕಾರ. ನಮಸ್ಕಾರ.