ಹೆಸರೊಂದು ಬಿಟ್ಟು

ಸನ್ಮಾನ್ಯ ಅಧ್ಯಕ್ಷರೇ, ನಿವೃತ್ತನಾಗಿ ಇನ್ನು ಹೊತ್ತು ಹೋಗದವನಿಗೆ ಗೋಡೆ ಗಡಿಯಾರ ಕೊಡಬೇಕೆಂದು ಕಂಡುಹಿಡಿದ ಆಡಳಿತ ಮಂಡಳಿಯವರೇ, ಭಾಷಣ ಮುಗಿದ ಮೇಲೆ ತಿಂಡಿ ಇದೆಯೆಂಬ ಒಂದೇ ಧೈರ್ಯದಿಂದ ಕೂತಿರುವ ಸಭಿಕರೇ,

ನನ್ನ ಬಗ್ಗೆ ಎಲ್ಲರೂ ಒಂದೇ ಮಾತು ಹೇಳಿದಿರಿ. ಮೂವತ್ತೊಂದು ವರ್ಷ ಅಪರಾಧ ಸುದ್ದಿ ಬರೆದರೂ, ಹದಿನೆಂಟು ತುಂಬದ ಒಬ್ಬನ ಹೆಸರನ್ನೂ ಈತ ಪತ್ರಿಕೆಯಲ್ಲಿ ಹಾಕಲಿಲ್ಲ, ಕಾನೂನು ಮೀರಲಿಲ್ಲ ಎಂದಿರಿ. ಹೆಸರಿನ ಮಟ್ಟಿಗೆ ನಿಜ; ಗುರುತು ಸಿಗುವ ವಿವರವನ್ನೂ ಹಾಕಬಾರದೆನ್ನುತ್ತದೆ ಕಾನೂನು, ಅದನ್ನು ಯಾರೂ ಕೇಳಲಿಲ್ಲ. ಹೆಸರೊಂದು ಬಿಟ್ಟು ಉಳಿದದ್ದೆಲ್ಲ ಹಾಕಿದೆ.

ಅದಕ್ಕೂ ಕೈ ಪಳಗಬೇಕು, ಸ್ವಾಮಿ. ಆರು ವರ್ಷದ ಹಿಂದೆ ಶಾಲೆಯ ಮೈದಾನದಲ್ಲಿ ಇಬ್ಬರು ಹುಡುಗರು ಸೇರಿ ಸಹಪಾಠಿಗೆ ಚಾಕು ಹಾಕಿದರು. ಅವನು ಬದುಕಿದ್ದೇ ಹೆಚ್ಚು. ನಾನು ಬರೆದೆ: 'ಅಂಚೆ ಕಚೇರಿ ಎದುರು ಹಸಿರು ಬಾಗಿಲ ಮನೆಯ ದರ್ಜಿಯ ಎರಡನೇ ಮಗ, ಎಡಗಾಲು ಎಳೆದು ನಡೆಯುವ ಹದಿನೈದರ ಬಾಲಕ, ಮತ್ತು ಜೊತೆಗಿದ್ದ ಇನ್ನೊಬ್ಬ. ಕಾನೂನಿನ ಪ್ರಕಾರ ಹೆಸರು ಪ್ರಕಟಿಸುತ್ತಿಲ್ಲ.' ಎಂಥ ಸಂಯಮ! ಸಂಪಾದಕರು ಬೆನ್ನು ತಟ್ಟಿದರು. ಮಧ್ಯಾಹ್ನದೊಳಗೆ ಆ ಮನೆಯ ಕಿಟಕಿಗಳಲ್ಲಿ ಒಂದು ಗಾಜೂ ಉಳಿಯಲಿಲ್ಲ. ನಮ್ಮ ಓದುಗರು ಅಷ್ಟು ಚುರುಕು.

ವಾರ ಕಳೆದ ಮೇಲೆ ದರ್ಜಿ ಕಚೇರಿಗೆ ಬಂದರು. ಜಗಳಕ್ಕೇ ಬಂದಿದ್ದಾರೆಂದು ನಾನು ಕಾನೂನಿನ ಪುಸ್ತಕ ತೆರೆದಿಟ್ಟುಕೊಂಡೆ. ಅವರು ಕುರ್ಚಿಯ ತುದಿಯಲ್ಲಿ ಕೂತರು.

"ಹೆಸರೇ ಹಾಕಿಬಿಡಬೇಕಿತ್ತು ಸಾರ್. ಆ ಹೆಸರಿನ ಹುಡುಗರು ಊರಲ್ಲಿ ಇಪ್ಪತ್ತು ಜನ ಇದ್ದಾರೆ. ಹಸಿರು ಬಾಗಿಲು ನಮ್ಮದೊಂದೇ."

ಎದ್ದು ಹೊರಟವರು ತಿರುಗಿ ನಿಂತು ಕೇಳಿದರು: "ಆ ಇನ್ನೊಬ್ಬನ ಮನೆ ಬಾಗಿಲು ಯಾವ ಬಣ್ಣ ಸಾರ್?"

ತನಿಖೆ ನಡೆಯುತ್ತಿದೆ ಎಂದೆ. ಬಾಯಿ ಮುಚ್ಚಿಕೊಳ್ಳಬೇಕಾದಾಗ ನಮ್ಮ ವೃತ್ತಿಯಲ್ಲಿ ಹಾಗೆನ್ನುತ್ತೇವೆ. ಅವರು ಮನೆಗೆ ಹೋಗಿ ಬಾಗಿಲಿಗೆ ನೀಲಿ ಬಣ್ಣ ಬಳಿದರು. ಹುಡುಗ ಸುಧಾರಣಾ ಗೃಹದಿಂದ ಬಂದ ದಿನ ನಾನು ಅದನ್ನೂ ಬರೆದೆ, 'ಈಗ ನೀಲಿಯಾಗಿರುವ ಬಾಗಿಲು' ಎಂದು. ಸುದ್ದಿಯಲ್ಲಿ ತಪ್ಪಿರಬಾರದಲ್ಲ! ಇವತ್ತಿಗೂ ಅವನಿಗೆ ಊರಲ್ಲಿ ಯಾರೂ ಕೆಲಸ ಕೊಡುವುದಿಲ್ಲ.

ಆ ಇನ್ನೊಬ್ಬನೇ? ಅವನಿಗೆ ಒಳ್ಳೆಯ ವಕೀಲರು ಸಿಕ್ಕರು, ವಾರದೊಳಗೆ ಮನೆಗೆ ಬಂದ. ಓದು ಮುಗಿಸಿದ. ಕಳೆದ ತಿಂಗಳು ಬ್ಯಾಂಕಿಗೆ ಸೇರಿದ. ಚಾಕು ತಂದವನು ಅವನೇ. ತರಕಾರಿ ಹೆಚ್ಚುವ ಚಾಕು, ಹಿಡಿಗೆ ಕೆಂಪು ದಾರ ಸುತ್ತಿತ್ತು. ನಮ್ಮ ಅಡುಗೆಮನೆಯಲ್ಲಿ ಅದರ ಹಿಡಿ ಸಡಿಲವಾದಾಗ ದಾರ ಬಿಗಿಯಾಗಿ ಸುತ್ತಿಕೊಟ್ಟಿದ್ದು ನಾನು.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ. ಮಾತು ಮುಗಿಸಬೇಕಂತೆ. ಮುಗಿಸುತ್ತೇನೆ. ಈ ಗಡಿಯಾರ ಭಾರವಾಗಿದೆ, ನಾಳೆ ನಾವೇ ಮನೆಗೆ ತಲುಪಿಸುತ್ತೇವೆ ಎಂದಿದ್ದೀರಿ. ಗುರುತು ಬರೆದುಕೊಳ್ಳಿ: ನೀರಿನ ಟ್ಯಾಂಕಿನ ಹಿಂದಿನ ಬೀದಿ, ಕೊನೆಯ ಮನೆ. ಬಾಗಿಲು ತೆಗೆಯುವವನು ನನ್ನ ಮಗ. ಹೆಸರು ಹೇಳುವುದಿಲ್ಲ, ಅಭ್ಯಾಸವಿಲ್ಲ.

ಕೊನೆಯ ಸಾಲಿನಲ್ಲಿ ದರ್ಜಿಯಣ್ಣ ಕೂತಿದ್ದಾರೆ. ಅವರಿಗೆ ಆಮಂತ್ರಣ ಕೊಟ್ಟು ಬಂದವನು ನಾನೇ. ಅಣ್ಣಾ, ಅವತ್ತು ನೀವು ಕೇಳಿದ್ದಕ್ಕೆ ಉತ್ತರ ಬಾಕಿ ಇತ್ತು.

ಹಳದಿ.

ಇಷ್ಟು ಹೊತ್ತು ಕೇಳಿದ್ದಕ್ಕೆ ನಿಮಗೆಲ್ಲ ಕೃತಜ್ಞ. ನಮಸ್ಕಾರ.