ಮೂರನೆಯವನಿಗೆ ಕೊಟ್ಟ ಶಕ್ತಿ

ವೇದಿಕೆಯ ನಡುವಿನ ಎತ್ತರದ ಕುರ್ಚಿಯಲ್ಲಿ ಕುಳಿತಿರುವ ನಮ್ಮ ಚಿತ್ರಸಂಸ್ಥೆಯ ಅಧ್ಯಕ್ಷರೇ, ಅವರ ಬಲಕ್ಕೆ ಕುಳಿತು ಆಗಿನಿಂದ ಗಡಿಯಾರ ನೋಡಿಕೊಳ್ಳುತ್ತಿರುವ ಮುಖ್ಯ ಅತಿಥಿಗಳೇ, ಬೆಳಕು, ಬಣ್ಣ, ಹೊಲಿಗೆ, ಸಾಹಸ ವಿಭಾಗಗಳ ನನ್ನ ಸಹೋದ್ಯೋಗಿಗಳೇ, ಪತ್ರಿಕೆಯವರೇ, ಟಿಕೆಟ್ ಕೊಂಡು ಇಷ್ಟು ವರ್ಷ ನಮ್ಮನ್ನೆಲ್ಲ ಸಾಕಿದ ಅಭಿಮಾನಿಗಳೇ, ಕುರ್ಚಿ ಸಿಗದೆ ಹಿಂದಿನ ಗೋಡೆಗೆ ಒರಗಿ ನಿಂತಿರುವ ಸಭಿಕರೇ, ನಿಮಗೆಲ್ಲ ವಂದನೆ.

ನಾನು ಭಾಷಣಗಾರ್ತಿಯಲ್ಲ. ಈ ಮಾತನ್ನು ಎಲ್ಲ ಭಾಷಣಕಾರರೂ ಹೇಳುತ್ತಾರೆ, ಹೇಳಿ ಗಂಟೆಗಟ್ಟಲೆ ಕೊರೆಯುತ್ತಾರೆ. ನಾನು ಅಷ್ಟು ಕೊರೆಯುವುದಿಲ್ಲ. ನನ್ನ ಕೆಲಸವೇನೆಂದು ಗೊತ್ತಿಲ್ಲದವರಿಗೆ ಮೊದಲು ಹೇಳಿಬಿಡುತ್ತೇನೆ. ನಮ್ಮ ಸೂಪರ್ ಹೀರೋ ಚಿತ್ರಗಳ ಸರಣಿಯಲ್ಲಿ ಯಾವ ಪಾತ್ರಕ್ಕೆ ಯಾವ ಶಕ್ತಿ ಎಂದು ಹಂಚುವವಳು ನಾನು. ಆಫೀಸಿನಲ್ಲಿ ಎಲ್ಲರೂ ನನ್ನನ್ನು ಶಕ್ತಿಯಕ್ಕ ಅನ್ನುತ್ತಾರೆ. ಎರಡು ಮಹಡಿ ಹತ್ತಿದರೆ ಶಕ್ತಿಯಕ್ಕನಿಗೆ ಮಂಡಿ ಹಿಡಿಯುತ್ತದೆ, ಅದು ಬೇರೆ ಮಾತು.

ಇವತ್ತು ಮೂವರು ಹೊಸ ಅತಿಮಾನವರನ್ನು ನಿಮಗೆ ಪರಿಚಯಿಸಲು ನನ್ನನ್ನು ಇಲ್ಲಿ ನಿಲ್ಲಿಸಿದ್ದಾರೆ. ಮೊದಲ ಇಬ್ಬರ ಬಗ್ಗೆ ಯಾರ ತಕರಾರೂ ಇಲ್ಲ. ಮೂರನೆಯವನ ಬಗ್ಗೆ ಅಧ್ಯಕ್ಷರಿಗೂ ನನಗೂ ನಿನ್ನೆ ಸಂಜೆಯವರೆಗೆ ಜಟಾಪಟಿ ನಡೆದಿದೆ. ಅವನು ಮೊದಲ ಚಿತ್ರದಲ್ಲೇ ಸಾಯಬೇಕು ಅಂತ ಅವರು, ಕೂಡದು ಅಂತ ನಾನು. ಗೆದ್ದವರು ಯಾರೆಂದು ಕೇಳಬೇಡಿ, ಎತ್ತರದ ಕುರ್ಚಿ ಯಾರದೆಂದು ನೋಡಿಕೊಳ್ಳಿ.

ಬೇರೂರಿದ ಚಿತ್ರಲೋಕಕ್ಕೆ ಹೊಸಬರನ್ನು ತರುವುದು ಎಷ್ಟು ಕಷ್ಟ ಗೊತ್ತೇ? ನಮ್ಮಲ್ಲಿ ಒಬ್ಬರಿಗೆ ಕೊಟ್ಟ ಶಕ್ತಿಯನ್ನು ಇನ್ನೊಬ್ಬರಿಗೆ ಕೊಡುವಂತಿಲ್ಲ. ಹಾರುವುದು ದೊಡ್ಡಣ್ಣನ ಪಾಲಿಗೆ ಹೋಗಿದೆ. ದೊಡ್ಡಣ್ಣ ಯಾರೆಂದು ಈ ಸಭೆಯಲ್ಲಿ ಹೇಳಬೇಕಾಗಿಲ್ಲ. ನಮ್ಮ ಮೊದಲ ಚಿತ್ರದಿಂದ ಇಲ್ಲಿಯವರೆಗೆ ಹಾರುತ್ತಲೇ ಇರುವ ನಮ್ಮ ದೊಡ್ಡ ಹೀರೋ. ಕಾಣದಂತಾಗುವುದು, ಬೆಂಕಿ ಉಗುಳುವುದು, ಬೆಟ್ಟ ಎತ್ತುವುದು, ಎಲ್ಲವೂ ಹಂಚಿಹೋಗಿದೆ. ಹಿರಿಯರು ಆಸ್ತಿ ಪಾಲು ಮಾಡಿಕೊಂಡ ಮೇಲೆ ಕಿರಿಯರಿಗೆ ಉಳಿಯುವುದೇನು? ಸೋರುವ ಕೊಡ, ಕಾಲು ಮುರಿದ ಮಂಚ. ಅದರಲ್ಲೇ ನಾನು ಸಂಸಾರ ಹೂಡಿಸಬೇಕು.

ಮೊದಲನೆಯವಳು ಕಿವಿಯಕ್ಕ. ಯಾವುದೇ ವಸ್ತು ಮುರಿಯುವ ಮುಂಚೆಯೇ ಅದು ಮುರಿಯುವ ಸದ್ದು ಅವಳಿಗೆ ಕೇಳಿಸುತ್ತದೆ. ಸೇತುವೆ, ಅಣೆಕಟ್ಟು, ವಿಮಾನದ ರೆಕ್ಕೆ. ಸಂಸಾರವನ್ನೂ ಸೇರಿಸೋಣ ಅಂದೆ. ಸಂಭಾಷಣೆ ಬರೆಯುವವರು, "ಅಕ್ಕಾ, ಸಂಸಾರ ಮುರಿಯೋ ಸದ್ದು ಪಕ್ಕದ ಮನೆಯವರಿಗೇ ಮೊದಲು ಕೇಳ್ಸುತ್ತೆ, ಅದಕ್ಕೆ ಶಕ್ತಿ ಯಾಕೆ?" ಅಂದರು. ಬಿಟ್ಟುಬಿಟ್ಟೆ.

ಎರಡನೆಯವನು ತುಕ್ಕಜ್ಜ. ಮುಟ್ಟಿದ ಕಬ್ಬಿಣವೆಲ್ಲ ತುಕ್ಕು ಹಿಡಿದು ಉದುರಿಹೋಗುತ್ತದೆ. ತೋಪು, ಟ್ಯಾಂಕು, ಜೈಲಿನ ಕಂಬಿ, ಏನೂ ನಿಲ್ಲದು. ಆದರೆ ಅವನ ಉಡುಪಿಗೆ ಜಿಪ್ ಹಾಕುವಂತಿಲ್ಲ, ಕೊಕ್ಕೆ ಹಾಕುವಂತಿಲ್ಲ. ಹೊಲಿಗೆ ವಿಭಾಗದ ಮೇಷ್ಟ್ರು ಕೂತು ಎಲ್ಲ ಕಡೆಗೂ ಲಾಡಿ ಹೊಲಿದಿದ್ದಾರೆ. ಜಗತ್ತನ್ನು ಉಳಿಸಲು ಹೊರಟ ಅಜ್ಜ ಲಾಡಿ ಗಂಟು ಬಿಚ್ಚುತ್ತಾ ನಿಂತರೆ ನಗಬೇಡಿ ಎಂದು ಮೇಷ್ಟ್ರ ಪರವಾಗಿ ಕೇಳಿಕೊಳ್ಳುತ್ತೇನೆ.

ನಕ್ಕಿರಿ, ಸಂತೋಷ. ಇನ್ನು ಮೂರನೆಯವನು.

ಮೂರನೆಯವನ ಹೆಸರು ಚೆಂಡು. ಬೇರೆಯವರಿಗೆ ಬಿದ್ದ ಪೆಟ್ಟನ್ನು ತನ್ನ ಮೈಗೆ ಎಳೆದುಕೊಳ್ಳುವುದು ಅವನ ಶಕ್ತಿ. ನೀವು ಬಿದ್ದಿರಿ, ಕೈ ಮುರಿಯಿತು. ಅವನು ನಿಮ್ಮ ಕೈ ಮುಟ್ಟಿದ. ನಿಮ್ಮ ಕೈ ನೆಟ್ಟಗಾಯಿತು, ಅವನದು ಮುರಿಯಿತು. ಇದೂ ಒಂದು ಶಕ್ತಿಯೇ ಎಂದು ಸಮಿತಿಯಲ್ಲಿ ಕೇಳಿದರು. ಶಕ್ತಿಯೇ. ನಾನು ನೋಡಿದ್ದೇನೆ.

ಚೆಂಡು ನನ್ನ ತಮ್ಮನ ಅಡ್ಡಹೆಸರು. ಮಂಚದಿಂದ ನೆಲಕ್ಕೆ, ಬೀರುವಿನಿಂದ ಮಂಚಕ್ಕೆ, ಇಡೀ ದಿನ ಬೀಳುವುದೇ ಅವನ ಆಟ. "ಮಗ ಹುಟ್ಟಲಿ ಅಂದ್ರೆ ಚೆಂಡು ಹುಟ್ಟಿದೆ" ಅನ್ನುತ್ತಿದ್ದಳು ಅಮ್ಮ. ದೊಡ್ಡವನಾದ ಮೇಲೆ ಅದೇ ಕಸುಬಾಯಿತು. ನೀವು ಪರದೆಯ ಮೇಲೆ ನೋಡುವ ದೊಡ್ಡಣ್ಣನಿಗೆ ಮುಖ ಒಬ್ಬರದು, ಮೈ ಇನ್ನೊಬ್ಬರದು. ಮುಖದ ನಟರು ಇದೇ ವೇದಿಕೆಯಲ್ಲಿದ್ದಾರೆ. ಒಳ್ಳೆಯ ಮನುಷ್ಯರು, ಅವರ ಮೇಲೆ ನನಗೆ ಸಿಟ್ಟಿಲ್ಲ. ಗೋಪುರದಿಂದ ಬಿದ್ದ ಮೈ, ಗಾಜು ಒಡೆದುಕೊಂಡು ಹೊರಗೆ ಹಾರಿದ ಮೈ, ಅದೆಲ್ಲ ನನ್ನ ತಮ್ಮ.

ಶೂಟಿಂಗ್ ಮುಗಿಸಿ ಬಂದು ಅಡುಗೆಮನೆಯ ಸ್ಟೂಲಿನ ಮೇಲೆ ನನಗೆ ಬೆನ್ನು ಹಾಕಿ ಕೂರುತ್ತಿದ್ದ. ನಾನು ಬಿಸಿನೀರಲ್ಲಿ ಟವೆಲ್ ಹಿಂಡಿ ಒತ್ತುತ್ತಿದ್ದೆ. ಹೆಗಲು ನೇರಳೆ ಬಣ್ಣಕ್ಕೆ ತಿರುಗಿರುತ್ತಿತ್ತು. "ಏನಾಯ್ತೋ ಇವತ್ತು?" ಅಂದರೆ, "ದೊಡ್ಡಣ್ಣನಿಗೆ ಏನೂ ಆಗಿಲ್ಲ ಕಣೇ ಅಕ್ಕ, ಆರಾಮಾಗಿದ್ದಾನೆ" ಅನ್ನುತ್ತಿದ್ದ. ನಿನಗೇನಾಯ್ತು ಅಂತ ಕೇಳಿದರೆ ಮಾತು ಮರೆಸುತ್ತಿದ್ದ. ಊಟಕ್ಕೆ ಬಡಿಸು ಅನ್ನುತ್ತಿದ್ದ. ಈ ಮೂರನೆಯವನ ಶಕ್ತಿ ನನಗೆ ಸಿಕ್ಕಿದ್ದು ಆ ಸ್ಟೂಲಿನ ಹತ್ತಿರ.

ಹೋದ ವರ್ಷ, ಇಲ್ಲೇ ಹಿಂದಿನ ದೊಡ್ಡ ಶೆಡ್ಡಿನಲ್ಲಿ, ಗೋಪುರದ ಸೆಟ್ಟಿನಿಂದ ಬೀಳುವ ದೃಶ್ಯವಿತ್ತು. ಹಗ್ಗ ಹಿಡಿಯಬೇಕಾದ ಹೊತ್ತಿಗೆ ಹಿಡಿಯಲಿಲ್ಲ. ಹಗ್ಗದ ತಪ್ಪೋ, ಕಟ್ಟಿದವರ ತಪ್ಪೋ, ವಿಚಾರಣೆ ಇನ್ನೂ ನಡೆಯುತ್ತಿದೆ, ನಾನು ಅದರ ಬಗ್ಗೆ ಮಾತಾಡಬಾರದು ಅಂತ ಹೇಳಿದ್ದಾರೆ. ಸರಿ, ಮಾತಾಡುವುದಿಲ್ಲ. ಕ್ಯಾಮೆರಾ ಮಾತ್ರ ಓಡುತ್ತಿತ್ತು. ತಮ್ಮ ಬಿದ್ದ. ಮತ್ತೆ ಏಳಲಿಲ್ಲ.

ಅಧ್ಯಕ್ಷರು ನಮ್ಮ ಮನೆಗೆ ಬಂದರು. ಅದನ್ನು ನಾನು ಮರೆತಿಲ್ಲ, ಅಷ್ಟು ದೊಡ್ಡವರು ಬಂದು ನಮ್ಮ ಚಿಕ್ಕ ಕೋಣೆಯಲ್ಲಿ ಅಮ್ಮನ ಪಕ್ಕ ಕೂತರು. "ಅಮ್ಮಾ, ಅವನ ಕೊನೇ ಕೆಲಸ ವ್ಯರ್ಥ ಆಗಬಾರದು. ಆ ದೃಶ್ಯವನ್ನ ಚಿತ್ರದಲ್ಲಿ ಹಾಗೇ ಇಟ್ಕೋತೀವಿ. ಅವನಿಗೆ ಅದೇ ಗೌರವ" ಅಂದರು. ಅಮ್ಮ ತಲೆ ಆಡಿಸಿದಳು. ಮಗ ಸತ್ತು ಹದಿಮೂರು ದಿನವೂ ಆಗಿಲ್ಲದ ತಾಯಿ ಇನ್ನೇನು ಹೇಳಿಯಾಳು? ಆಗ ಯಾರು ಏನು ಕೇಳಿದರೂ ತಲೆ ಆಡಿಸುತ್ತಿದ್ದಳು.

ಚಿತ್ರ ಬಂತು. ಅಮ್ಮ ಹಟ ಹಿಡಿದಳು, ಕರೆದುಕೊಂಡು ಹೋದೆ. ಆ ದೃಶ್ಯ ಬಂದಾಗ ಮುಖವಾಡದೊಳಗೆ ಯಾರಿದ್ದಾರೆಂದು ನಾನು ಹೇಳಬೇಕಾಗಲಿಲ್ಲ. ಹೆತ್ತವಳು, ಎಡಗೈ ಬೀಸಿದ ರೀತಿಯಲ್ಲೇ ಗುರುತು ಹಿಡಿದಳು. ಬಿದ್ದ. ಮರುಗಳಿಗೆ ಮುಖದ ನಟರು ಧೂಳಿನಿಂದ ಎದ್ದು ನಿಂತರು. ಇಡೀ ಥಿಯೇಟರು ಶಿಳ್ಳೆ ಹೊಡೆಯಿತು. ಇಲ್ಲಿ ಕೂತಿರುವ ನೀವೂ ಹೊಡೆದಿರಬಹುದು, ನಿಮಗೆ ಹೇಗೆ ಗೊತ್ತಾಗಬೇಕು? ಅಮ್ಮ ನನ್ನ ಮಣಿಕಟ್ಟು ಹಿಡಿದು, "ಎದ್ದನಲ್ಲೇ" ಅಂದಳು. ನಾನು "ಹೂಂ ಅಮ್ಮ, ಎದ್ದ" ಅಂದೆ.

ಹೊರಗೆ ಬಂದು ಬಸ್ಸಿಗೆ ಕಾಯುತ್ತಿದ್ದಾಗ ಅವಳು ನನ್ನ ಮುಖ ನೋಡದೆ ಹೇಳಿದಳು. "ಎದ್ದವನು ನಮ್ಮವನಲ್ಲ ಅಂತ ನನಗೆ ಗೊತ್ತಾಗಲ್ವೇನೇ? ನೀನ್ಯಾಕೆ ಹೂಂ ಅಂದೆ?" ಬಸ್ಸು ಬಂತು, ಹತ್ತಿದೆವು.

ಕ್ಷಮಿಸಿ. ನೀರು ಕುಡಿಯುತ್ತೇನೆ.

ಈಗ ಮೂರನೆಯವನ ಕಥೆಗೆ ಬರೋಣ. ನನ್ನ ಕೈಯಲ್ಲಿರುವ ಹಾಳೆಯ ಪ್ರಕಾರ, ಚಿತ್ರದ ಕೊನೆಯಲ್ಲಿ ದೊಡ್ಡಣ್ಣ ಬಿದ್ದು ಸಾಯುತ್ತಾನೆ. ಚೆಂಡು ಓಡಿಬಂದು ಆ ಸಾವನ್ನೇ ತನ್ನ ಮೈಗೆ ಎಳೆದುಕೊಳ್ಳುತ್ತಾನೆ. ಚೆಂಡು ಮಲಗುತ್ತಾನೆ, ದೊಡ್ಡಣ್ಣ ಏಳುತ್ತಾನೆ. ನಿನ್ನೆ ನಾನು ಬೇಡ ಅಂದೆ. ಅಧ್ಯಕ್ಷರು ಸಮಾಧಾನವಾಗಿಯೇ ಹೇಳಿದರು. "ನೋಡಮ್ಮ, ಹೊಸಬನ ಮೇಲೆ ಜನಕ್ಕೆ ಪ್ರೀತಿ ಹುಟ್ಟಬೇಕಾದ್ರೆ ಅವನು ಸಾಯಬೇಕು. ಇದರಲ್ಲಿ ಮನೆಯ ದುಃಖ ತರಬೇಡಿ." ಸರ್, ಒಂದು ಮಾತು ಕೇಳುತ್ತೇನೆ. ಮನೆಯ ದುಃಖವನ್ನು ಚಿತ್ರಕ್ಕೆ ತಂದವರು ಯಾರು? ನಾನೇ? ಅವನು ಬಿದ್ದದ್ದನ್ನು ಊರೂರಿಗೆ ತೋರಿಸಿ, ಇನ್ನೊಬ್ಬರು ಎದ್ದದ್ದಕ್ಕೆ ಚಪ್ಪಾಳೆ ಹೊಡೆಸಿದ್ದು ಸಾಲದೇ? ಎರಡನೇ ಸಲವೂ ಅವನೇ ಮಲಗಬೇಕೇ?

ಸಭಿಕರೇ, ನಮ್ಮ ಸಂಸ್ಥೆಯಲ್ಲಿ ಒಂದು ಕಟ್ಟಳೆಯಿದೆ. ಅಧ್ಯಕ್ಷರ ತಂದೆಯವರು, ಸಂಸ್ಥೆ ಕಟ್ಟಿದ ಹಿರಿಯರು, ಹಾಕಿಕೊಟ್ಟದ್ದು. ಪರಿಚಯದ ಸಭೆಯಲ್ಲಿ ಅಭಿಮಾನಿಗಳ ಎದುರು ಯಾವ ಶಕ್ತಿ ಹೇಳುತ್ತೇವೋ ಅದನ್ನು ಮತ್ತೆ ಬದಲಿಸುವಂತಿಲ್ಲ. ಆ ಹಿರಿಯರೇ ಒಮ್ಮೆ ಕನ್ನಡಕ ಮರೆತು ಬಂದು ಹಾಳೆಯ ಸಾಲು ಬಿಟ್ಟು ಸಾಲು ಓದಿ, ದೊಡ್ಡಣ್ಣ ನೀರಿಗಿಳಿದರೆ ಬಲ ಕಳೆದುಕೊಳ್ಳುತ್ತಾನೆ ಅಂದುಬಿಟ್ಟರು. ಅದು ಖಳನಾಯಕನಿಗೆ ಬರೆದ ಮಾತು. ಅಷ್ಟೊತ್ತಿಗೆ ಕಡಲಿನ ಸೆಟ್ಟು ಅರ್ಧ ಎದ್ದಿತ್ತು. ಹಿರಿಯರು, "ಜನರ ಮುಂದೆ ಆಡಿದ ಮಾತು, ಕಿತ್ತುಹಾಕಿ ಸೆಟ್ಟನ್ನ" ಅಂದರು. ಅಂದಿನಿಂದ ದೊಡ್ಡಣ್ಣ ನೀರಿಗೆ ಇಳಿದಿಲ್ಲ. ಹೆದರುಪುಕ್ಕಲ ಅಂತ ನೀವೆಲ್ಲ ಆಡಿಕೊಂಡಿರಿ, ಆದರೂ ಇಳಿದಿಲ್ಲ. ತಪ್ಪಾಗಿ ಆಡಿದ ಮಾತಿಗೇ ಅಷ್ಟು ಬೆಲೆ ಕೊಟ್ಟ ಸಂಸ್ಥೆ ನಮ್ಮದು. ನಾನು ಈಗ ಆಡುವುದು ತಪ್ಪಾಗಿ ಅಲ್ಲ, ಬೇಕೆಂದೇ.

ಅಧ್ಯಕ್ಷರೇ, ದಯವಿಟ್ಟು ಕುಳಿತುಕೊಳ್ಳಿ. ಮೈಕ್ ಆರಿಸಿದರೆ ಉಪಯೋಗವಿಲ್ಲ, ನನ್ನ ಗಂಟಲು ದೊಡ್ಡದು, ಮನೆಯಲ್ಲೂ ಇದೇ ದೂರು.

ಸಭಿಕರೇ, ಪತ್ರಿಕೆಯವರೇ, ಬರೆದುಕೊಳ್ಳಿ. ಮೂರನೆಯ ಅತಿಮಾನವನ ಹೆಸರು ಚೆಂಡು. ಅವನು ಬೇರೆಯವರ ಪೆಟ್ಟನ್ನು ತಾನು ತೆಗೆದುಕೊಳ್ಳುತ್ತಾನೆ. ಎಷ್ಟು ದೊಡ್ಡ ಪೆಟ್ಟಾದರೂ, ಅದು ಸಾವೇ ಆದರೂ, ತೆಗೆದುಕೊಂಡು ಬೀಳುತ್ತಾನೆ. ಬಿದ್ದ ಮೇಲೆ ಏಳುತ್ತಾನೆ. ಅವನೇ ಏಳುತ್ತಾನೆ. ಅವನು ಬಿದ್ದ ಜಾಗದಿಂದ ಅವನ ಬದಲು ಇನ್ನೊಬ್ಬರು ಏಳುವಂತಿಲ್ಲ. ಎದ್ದ ಮೇಲೆ ಮುಖವಾಡ ತೆಗೆಯುತ್ತಾನೆ, ಅವನ ಮುಖವನ್ನು ನೀವು ನೋಡಲೇಬೇಕು. ಇದು ಅವನ ಶಕ್ತಿ. ಸಭೆಯಲ್ಲಿ ಹೇಳಿಯಾಯಿತು.

ಚಪ್ಪಾಳೆ ಬೇಡ. ಗೆದ್ದೆ ಅಂತ ನಾನು ಬೀಗುತ್ತಿಲ್ಲ. ನಾಳೆ ನನ್ನ ಮೇಜಿನ ಮುಂದೆ ಬೇರೆಯವರು ಕೂತಿರುತ್ತಾರೆ, ಅದು ನನಗೆ ಗೊತ್ತು, ಅಧ್ಯಕ್ಷರ ಮುಖ ಇಲ್ಲಿಂದ ಚೆನ್ನಾಗಿ ಕಾಣುತ್ತಿದೆ. ಸಾಹಸ ವಿಭಾಗದ ನನ್ನ ತಮ್ಮಂದಿರೇ, ತಂಗಿಯರೇ, ಇಷ್ಟರಿಂದ ನಿಮ್ಮ ಹಗ್ಗವೇನೂ ಗಟ್ಟಿಯಾಗುವುದಿಲ್ಲ. ನಾಳೆ ಬೆಳಿಗ್ಗೆ ಮೇಲೆ ಹತ್ತುವ ಮುಂಚೆ ನಿಮ್ಮ ಹಗ್ಗವನ್ನು ನೀವೇ ಎಳೆದು ನೋಡಿ. ಯಾರು ಅವಸರ ಮಾಡಿದರೂ ನೋಡಿ.

ನನಗೆ ಈ ಕೆಲಸ ಕೊಟ್ಟು ಇಷ್ಟು ವರ್ಷ ಅನ್ನ ಹಾಕಿದ ಸಂಸ್ಥೆಗೆ, ಲಾಡಿ ಹೊಲಿದ ಮೇಷ್ಟ್ರಿಗೆ, ತಮ್ಮನ ಹೆಣಕ್ಕೆ ಹೆಗಲು ಕೊಟ್ಟ ಮುಖದ ನಟರಿಗೆ, ಗಡಿಯಾರ ನೋಡುವುದನ್ನು ಬಿಟ್ಟು ಕೇಳಿಸಿಕೊಂಡ ಮುಖ್ಯ ಅತಿಥಿಗಳಿಗೆ, ನಿಂತೇ ಕೇಳಿದ ನಿಮಗೆ, ಎಲ್ಲರಿಗೂ ನಾನು ಋಣಿ.

ನಾನು ಮನೆಗೆ ಹೋಗಬೇಕು, ಅಮ್ಮ ಊಟ ಮಾಡದೆ ಕಾಯುತ್ತಿರುತ್ತಾಳೆ. ಬಾಗಿಲು ತೆಗೆದ ಕೂಡಲೇ, ಅವನಿಗೆ ಏನು ಕೊಟ್ಟೆ ಅಂತ ಕೇಳುತ್ತಾಳೆ. ಈ ಸಲ ಸುಳ್ಳು ಹೇಳುವುದಿಲ್ಲ. ಎದ್ದ ಕಣಮ್ಮ, ಸಿನಿಮಾದಲ್ಲಿ ಮಾತ್ರ, ಅಂತ ಹೇಳುತ್ತೇನೆ.

ನಮಸ್ಕಾರ.