ಸೀಮೆಯ ಸಾಲ ಓದಿದ ಪುಟ್ಟೀರಮ್ಮ

ಹತ್ತಿರ ಬನ್ನಿ, ಇನ್ನೂ ಹತ್ತಿರ ಬನ್ನಿ. ಹಿಂದೆ ಕೂತವರಿಗೂ ಕೇಳಿಸಬೇಕಲ್ಲ! ಯಾವ ಕಾಲ ಅಂತ ಕೇಳಬೇಡಿ, ನಾನು ಆಗ ಹುಟ್ಟಿರಲಿಲ್ಲ. ಯಾವ ದೇಶ ಅಂತ ಕೇಳಬೇಡಿ, ನಾನು ಅಲ್ಲಿಗೆ ಹೋಗಿಲ್ಲ. ಅಲ್ಲೊಬ್ಬ ರಾಜ ಇದ್ದ. ಅವನಿಗೆ ಹನ್ನೆರಡು ಸೀಮೆ. ಹನ್ನೆರಡನೆಯದು ಎಲ್ಲಕ್ಕಿಂತ ಚಿಕ್ಕದು, ಅದರ ನಡುವೆ ಒಂದು ಹೊಳೆ. ಆ ಸೀಮೆ ನೋಡಿಕೊಳ್ಳುತ್ತಿದ್ದವರು ಜವರಪ್ಪಗೌಡರು. ಹೆಂಡತಿ ತೀರಿಹೋಗಿದ್ದಳು. ಮನೆಯಲ್ಲಿ ಮಗಳು ಪುಟ್ಟೀರಮ್ಮ ಒಬ್ಬಳೇ.

ಗೌಡರು ಬಲು ಒಳ್ಳೆಯವರು. ಯಾರಿಗೂ ಇಲ್ಲ ಅನ್ನಲು ಅವರ ನಾಲಿಗೆ ಏಳುತ್ತಿರಲಿಲ್ಲ.

ಒಂದು ವರ್ಷ ಜನ ಬಂದರು. "ಅಯ್ಯಾ, ಮಳೆಗಾಲದಲ್ಲಿ ಹೊಳೆ ದಾಟೋಕೆ ಆಯ್ತಾ ಇಲ್ಲ, ಸೇತುವೆ ಕಟ್ಟಿಸಿ." ಗೌಡರು ಪೇಟೆಯ ಪಾಪಣ್ಣಶೆಟ್ಟರ ಹತ್ತಿರ ಸಾಲ ತಂದರು, ಕಟ್ಟಿಸಿದರು. ಮರುವರ್ಷ ಮತ್ತೆ ಬಂದರು. "ಅಯ್ಯಾ, ಹೊಲಕ್ಕೆ ನೀರಿಲ್ಲ, ಕಾಲುವೆ ತೆಗೆಸಿ." ಮತ್ತೆ ಸಾಲ, ಕಾಲುವೆ ಆಯಿತು. ಮೂರನೇ ವರ್ಷ ಅರಮನೆಯಿಂದಲೇ ಓಲೆ ಬಂತು. "ರಾಜರು ಸೀಮೆ ನೋಡಲು ಬರುತ್ತಾರೆ." ಇನ್ನೇನು ಮಾಡುತ್ತಾರೆ ಹೇಳಿ? ಊರಬಾಗಿಲಿಗೆ ಕಮಾನು, ರಾಜರಿಗೆ ಬೆಳ್ಳಿ ಪಲ್ಲಕ್ಕಿ, ಏಳು ದಿನ ಊಟ. ಅದೂ ಸಾಲ. ಆಮೇಲೆ ಆ ಮೂರು ಸಾಲದ ಬಡ್ಡಿ ಕಟ್ಟಲು ನಾಲ್ಕನೇ ಸಾಲ!

ಪತ್ರಗಳನ್ನೆಲ್ಲ ಗೌಡರು ಒಂದು ಪೆಟ್ಟಿಗೆಯಲ್ಲಿ ಹಾಕಿ ಬೀಗ ಜಡಿದರು. ಯಾರಿಗೂ ಹೇಳಲಿಲ್ಲ. ಅನ್ನ ಸೇರುವುದು ಕಡಿಮೆಯಾಯಿತು. ಕಣ್ಣೂ ಮಂಜಾಗುತ್ತ ಬಂತು.

ಒಂದು ಬೆಳಿಗ್ಗೆ ಪಾಪಣ್ಣಶೆಟ್ಟರು ಗಾಡಿ ಕಟ್ಟಿಕೊಂಡು ಬಂದರು. "ಗೌಡರೇ, ಬಡ್ಡಿ ನಿಂತು ಎರಡು ವರ್ಷವಾಯಿತು. ಸೇತುವೆ ನನಗೆ ಬರೆದುಕೊಡಿ, ದಾಟುವವರಿಂದ ಸುಂಕ ತಗೋತೀನಿ. ಇಲ್ಲವೇ ಸೂಲಗಿತ್ತಿಯರಿಗೆ ಕೊಡೋ ಭತ್ತ ನನ್ನ ಕಡೆ ತಿರುಗಿಸಿ. ಒಂದು ತಿಂಗಳು ಗಡುವು."

ಕೇಳಿ, ಆ ಭತ್ತದ ವಿಷಯ ಹೇಳಬೇಕು. ಸೀಮೆಯ ಕಣಜದಿಂದ ಊರಿಗೊಬ್ಬ ಸೂಲಗಿತ್ತಿಗೆ ವರ್ಷವರ್ಷ ಭತ್ತ ಹೋಗುತ್ತಿತ್ತು. ಹಾಗಾಗಿ ಅವರು ಯಾವ ಬಡವರ ಮನೆಗಾದರೂ ಕೈ ಚಾಚದೆ ಹೋಗಿ ಹೆರಿಗೆ ಮಾಡಿಸುತ್ತಿದ್ದರು. ಪುಟ್ಟೀರಮ್ಮ ಸಾಲಕ್ಕೆ ನೆರವು ಕೇಳಿ ಅರಮನೆಗೆ ಹೇಳಿ ಕಳಿಸಿದಳು. ಅಲ್ಲಿಂದ ಬಂದ ಉತ್ತರವೂ ಅದೇ. "ನಮ್ಮಲ್ಲಿ ದುಡ್ಡಿಲ್ಲ. ಸೂಲಗಿತ್ತಿಯರ ಭತ್ತ ನಿಲ್ಲಿಸಿ."

ಅವಳು ಅಪ್ಪನ ಕಾಲ ಬಳಿ ಕೂತಳು. "ಅಪ್ಪ, ಬೀಗದ ಕೈ ಕೊಡು."

"ಬೇಡ ಮಗ. ಅದರೊಳಗೆ ನನ್ನ ಮಾನ ಇದೆ."

"ಒಬ್ಬನೇ ಎಷ್ಟು ದಿನ ಹೊರ್ತೀಯಪ್ಪ?"

ಗೌಡರು ಉಡಿದಾರದಿಂದ ಬೀಗದ ಕೈ ಬಿಚ್ಚಿ ಕೊಟ್ಟರು. ಪುಟ್ಟೀರಮ್ಮ ಮೂರು ದಿನ ಕೂತು ಪತ್ರ ಓದಿದಳು, ಕೂಡಿದಳು, ಮತ್ತೆ ಕೂಡಿದಳು. ಏಳು ಸಾವಿರ ವರಹ!

"ಅಪ್ಪ, ಇದನ್ನ ಜನರ ಮುಂದೆ ಓದಬೇಕು."

"ನಾನು ಸತ್ತ ಮೇಲೆ ಓದು ತಾಯಿ."

"ನೀನು ಹೋದ ಮೇಲೆ ಓದಿದ್ರೆ ಅದು ನಿನ್ನ ಮೇಲೆ ದೂರು ಹೇಳ್ದಂಗೆ. ನೀನು ಪಕ್ಕದಲ್ಲಿ ಕೂತಿರುವಾಗಲೇ ಓದ್ತೀನಿ."

ಮುದುಕರು ತಡವಿ ಮಗಳ ಕೈ ಹುಡುಕಿದರು. "ನನ್ನ ಕೈ ಹಿಡ್ಕೊಂಡು ಓದ್ತೀಯಾ?" ಅಂದರು.

ಅರಳಿಕಟ್ಟೆಗೆ ಸೀಮೆಯೇ ಬಂತು. ಶೆಟ್ಟರನ್ನೂ ಕರೆಸಿದ್ದಳು. ಒಂದು ಕೈಯಲ್ಲಿ ಪತ್ರ, ಒಂದು ಕೈಯಲ್ಲಿ ಅಪ್ಪನ ಕೈ. ಕೊನೆಯವರೆಗೂ ಓದಿ ಮುಗಿಸಿದಳು.

ಒಬ್ಬ ಸಿಟ್ಟಾಗಿ ಎದ್ದ. "ಇಷ್ಟು ದಿನ ನಮಗ್ಯಾಕೆ ಹೇಳ್ಲಿಲ್ಲ ಗೌಡ್ರೇ?"

ಗೌಡರು ತಡವರಿಸಿಕೊಂಡು ಎದ್ದು ನಿಂತರು. "ಹೆದರಿಕೆ ಆಯ್ತಪ್ಪ. ನೀವು ನನ್ನನ್ನ ಗೌಡ ಅನ್ನೋದು ಬಿಟ್ಟುಬಿಡ್ತೀರಿ ಅಂತ ಹೆದರಿಕೆ ಆಯ್ತು."

ಎದ್ದವನು ಕೂತುಬಿಟ್ಟ. ಆಗ ಸೂಲಗಿತ್ತಿ ಚೆಲುವಜ್ಜಿ ಮುಂದೆ ಬಂದಳು. "ಆ ಸೇತುವೆ ಆದಮೇಲೆ ಆಚೆ ದಂಡೆಯಲ್ಲಿ ಒಬ್ಬ ಬಾಣಂತಿನೂ ಸತ್ತಿಲ್ಲ. ಆ ಸಾಲ ನನ್ನದು ಅಂದ್ಕೊಳ್ರಪ್ಪ." ಒಬ್ಬ ರೈತ ಅಂದ, "ಕಾಲುವೆ ನೀರು ಕುಡಿದಿದ್ದು ನನ್ನ ಗದ್ದೆ. ಆ ಸಾಲ ನನ್ನದು." ಇನ್ನು ಊಟದ ಸಾಲ? ಹಿಂದಿನಿಂದ ಒಬ್ಬ ಮೆಲ್ಲಗೆ ಅಂದ, "ಹನ್ನೆರಡು ಹೋಳಿಗೆ ತಿಂದಿದ್ದೆ. ಅಷ್ಟು ನನ್ನ ಹೆಸರಿಗೆ ಬರ್ಕೊಳಮ್ಮ." ಕಟ್ಟೆಯೆಲ್ಲ ನಕ್ಕಿತು. ಗೌಡರ ಕಣ್ಣಲ್ಲಿ ಮಾತ್ರ ನೀರು.

ಪುಟ್ಟೀರಮ್ಮ ಶೆಟ್ಟರ ಕಡೆ ತಿರುಗಿದಳು. "ಶೆಟ್ಟರೇ, ಸೇತುವೆಗೆ ಸುಂಕ ಹಾಕಿದ್ರೆ ಜನ ಮೊದಲಿನಂಗೆ ನೀರಿಗಿಳಿದು ದಾಟ್ತಾರೆ, ನಿಮಗೆ ಬಿಡಿಗಾಸೂ ಹುಟ್ಟೋದಿಲ್ಲ. ರಾಜರು ಬಿಟ್ಟುಹೋದ ಬೆಳ್ಳಿ ಪಲ್ಲಕ್ಕಿ ಮಾರಿ ಮೊದಲ ಕಂತು ಕೊಡ್ತೀವಿ. ಮಿಕ್ಕಿದ್ದಕ್ಕೆ ಕಾಲುವೆ ನೀರು ಕುಡಿದ ಗದ್ದೆಯಿಂದ ಸುಗ್ಗಿಗೊಂದು ಪಾಲು. ಏಳು ವರ್ಷ ಕೊಡಿ, ಬಡ್ಡಿ ಅರ್ಧ ಮಾಡಿ. ಸೂಲಗಿತ್ತಿಯರ ಭತ್ತ ಮಾತ್ರ ಮುಟ್ಟಬೇಡಿ."

"ಏಳು ವರ್ಷಕ್ಕೆ ನಂಬಿಕೆ ಏನಮ್ಮ?"

"ಸುಗ್ಗಿ ಸುಗ್ಗಿಗೂ ಇದೇ ಕಟ್ಟೇಲಿ ಲೆಕ್ಕ ಓದ್ತೀನಿ. ನೀವೂ ಬಂದು ಕೂತು ಕೇಳಿ."

ಶೆಟ್ಟರು ತಲೆ ಕೆರೆದುಕೊಂಡರು. "ನಲವತ್ತು ವರ್ಷದಿಂದ ಸೀಮೆ ಸೀಮೆಗೆ ಸಾಲ ಕೊಟ್ಟಿದ್ದೀನಿ ತಾಯಿ. ಎಲ್ಲರೂ ನನಗೆ ಕಮಾನು ತೋರಿಸಿದರು, ಪಲ್ಲಕ್ಕಿ ತೋರಿಸಿದರು. ಲೆಕ್ಕ ತೋರಿಸಿದವಳು ನೀನೊಬ್ಬಳೇ. ಆಗಲಿ."

ಒಂದು ಸುಗ್ಗಿ ಬಂತು, ಓದಿದಳು. ಎರಡನೇ ಸುಗ್ಗಿ ಬಂತು, ಓದಿದಳು. ನಾಲ್ಕನೇ ವರ್ಷ ಹೊಳೆ ಉಕ್ಕಿ ಪೈರು ಕೊಚ್ಚಿಹೋಯಿತು. ಕೊಡಲು ಏನೂ ಇರಲಿಲ್ಲ. ಅದನ್ನೂ ಹಾಗೇ ಓದಿದಳು. ಶೆಟ್ಟರು ಎದ್ದು ನಿಂತು, "ಬರೋ ವರ್ಷ ಕೊಡಿ" ಅಂದು ಗಾಡಿ ಹತ್ತಿದರು. ಏಳು ಹೋಗಿ ಎಂಟಾಯಿತು, ಅಷ್ಟೇ.

ಎಂಟನೇ ಸುಗ್ಗಿ. ಗೌಡರಿಗೆ ಕಣ್ಣು ಪೂರ್ತಿ ಹೋಗಿತ್ತು. ಮೂರು ಜನ ಹಿಡಿದು ತಂದು ಕಟ್ಟೆಯ ಮೇಲೆ ಕೂರಿಸಿದರು. ಪುಟ್ಟೀರಮ್ಮ ಓದಿದಳು. "ಬಾಕಿ ಇಲ್ಲ."

ಮುದುಕರು ಕಿವಿ ಅವಳ ಬಾಯಿ ಹತ್ತಿರ ತಂದರು. "ಇನ್ನೊಂದ್ಸಲ ಓದು ಮಗ."

"ಬಾಕಿ ಇಲ್ಲ ಅಪ್ಪ."

"ಇನ್ನೊಂದೇ ಒಂದ್ಸಲ."

ಈ ಸಲ ಅವಳು ಜನರ ಕಡೆ ತಿರುಗಿದಳು. ಕಟ್ಟೆಯ ಸುತ್ತ ಕೂತಿದ್ದ ಜನರೇ ಒಟ್ಟಾಗಿ ಕೂಗಿ ಹೇಳಿದರು. "ಬಾಕಿ ಇಲ್ಲ ಗೌಡ್ರೇ!"

ಅವರು ಅಲ್ಲಿ ಸುಖವಾಗಿ ಉಂಡರು, ನಾವು ಇಲ್ಲಿ ಕಥೆ ಕೇಳಿದೆವು. ಹೇಳಿದ ಬಾಯಿಗೆ ಒಂದು ಲೋಟ ಮಜ್ಜಿಗೆ ಕೊಡಿ, ಕೇಳಿದ ಮನೆಗಳು ತಂಪಾಗಿರಲಿ.